ಕರೆಂಟ್ ಬಳಕೆ ಇಳಿದ ಮನೆ

“ಮೀಟರ್ ಪೆಟ್ಟಿಗೆ ತೆಗೀರಿ, ಚೆಕ್ ಮಾಡ್ಬೇಕು” ಎಂದು ನಾನು ಹೇಳಿದಾಗ, ಹೊಳೆನರಸೀಪುರದ ಆ ಮನೆಯ ಯಜಮಾನರು ಪೆಟ್ಟಿಗೆ ತೆಗೆದು ಬದಿಗೆ ಸರಿದರು. ನಾನು ವಿದ್ಯುತ್ ಕಚೇರಿಯಲ್ಲಿ ಎಂಜಿನಿಯರ್. ಯಾವುದಾದರೂ ಮನೆಯ ಬಳಕೆ ದಿಢೀರನೆ ಇಳಿದರೆ, ಕೃತಕ ಬುದ್ಧಿಮತ್ತೆಯ ಹೊಸ ತಂತ್ರಾಂಶ ಅಲ್ಲಿ ಕರೆಂಟ್ ಕಳ್ಳತನವಾಗಿರಬಹುದೆಂದು ನಮಗೆ ಸೂಚಿಸುತ್ತದೆ. ಅಂದು ಅದು ತೋರಿಸಿದ್ದು ಈ ಮನೆಯನ್ನು.

ಸೀಲ್ ಒಡೆದಿರಲಿಲ್ಲ. ತಂತಿಗಳೂ ಸರಿಯಾಗಿದ್ದವು. ಅಷ್ಟರಲ್ಲಿ ಅಕ್ಕಪಕ್ಕದವರು ಗೇಟಿನ ಬಳಿ ನಿಂತು ಪಿಸುಗುಟ್ಟತೊಡಗಿದ್ದರು. “ಮತ್ತೆ ಇಷ್ಟೊಂದು ಕಮ್ಮಿ ಹೇಗಾಯ್ತು?” ಎಂದು ಕೇಳಿದೆ.

ಯಜಮಾನರು ನಡುಮನೆಯ ಮೂಲೆಯತ್ತ ಕೈ ತೋರಿಸಿದರು. ಖಾಲಿ ಮಂಚದ ಪಕ್ಕ ಆಮ್ಲಜನಕ ಕೊಡುವ ಯಂತ್ರವೊಂದಿತ್ತು. ಅದರ ಕೊಳವೆಯನ್ನು ಸುತ್ತಿಟ್ಟು, ಮೇಲೆ ಒಂದು ಸೀರೆ ಹೊದಿಸಿದ್ದರು.

“ನಮ್ಮವಳಿಗೆ ಉಸಿರಾಟದ ತೊಂದ್ರೆ ಮೇಡಂ. ಹಗ್ಲೂ ರಾತ್ರಿ ಆ ಮಿಷಿನ್ನು ಓಡ್ತಾನೇ ಇತ್ತು. ಹಿಂದಿನ್ ತಿಂಗ್ಳು ಬಿಟ್ಟೋಗ್ಬುಟ್ಲು. ಇನ್ಯಾರಿಗೆ ಓಡುಸ್ಲಿ?”

ನಾನು ಗೇಟಿನತ್ತ ತಿರುಗಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ, “ಇವರದ್ದೇನೂ ತಪ್ಪಿಲ್ಲ, ತಪ್ಪು ತಿಳ್ಕೊಂಡು ಬಂದೋರು ನಾವು” ಎಂದೆ. ಯಜಮಾನರು ತಲೆಯೆತ್ತಲಿಲ್ಲ. ಮೀಟರ್ ಪೆಟ್ಟಿಗೆಯನ್ನು ತಾವೇ ಮುಚ್ಚಿ ಒಳಗೆ ಹೋದರು.

ತಂತ್ರಾಂಶ ಈಗಲೂ ಅಂಥ ಮನೆಗಳನ್ನು ತೋರಿಸುತ್ತದೆ, ನಾನೂ ಹೋಗುತ್ತೇನೆ. ಆದರೆ ಮೀಟರ್ ಕಡೆ ನೋಡುವ ಮೊದಲು, “ಮನೇಲಿ ಎಲ್ಲ ಚೆನ್ನಾಗಿದೀರಾ?” ಎಂದು ಕೇಳುತ್ತೇನೆ.