ಉಳ್ಳಾಗಡ್ಡಿ ಶೆಡ್ಡಿನ ಗಾಳಿ

ನನ್ನ ಹೆಂಡತಿ ರಾಜ್ಯದ ಈಶಾನ್ಯ ತುದಿಯ ಒಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕಿ. ನಾನು ನವಲಗುಂದದಲ್ಲಿ ಒಂದು ದಿನಪತ್ರಿಕೆಯ ತಾಲೂಕು ವರದಿಗಾರ; ಹಳ್ಳಿಗಳಿಂದ ಬರೆದು ಕಳಿಸುವವರ ಸುದ್ದಿಯ ತಪ್ಪು ತಿದ್ದುವುದೂ ನನ್ನ ಕೆಲಸ. ನಡುವೆ ಬಸ್ಸಿನಲ್ಲಿ ಒಂಬತ್ತು ತಾಸಿನ ದಾರಿ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ ಒಂದೇ ಕಡೆ ವರ್ಗಾವಣೆ ಕೇಳಬಹುದು. ನಾನು ಸರ್ಕಾರಿ ನೌಕರನಲ್ಲ. ಹಾಗಾಗಿ ಆಕೆ ರಜೆ ಇರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಬಂದಿಳಿದು, ಭಾನುವಾರ ಮಧ್ಯಾಹ್ನ ಹೊರಡುತ್ತಾಳೆ. ಉಳಿದ ದಿನ, ನಾನು ಸುದ್ದಿ ಕಳಿಸಿ ಮುಗಿಸಿದ ಮೇಲೆ, ಸಂಜೆ ಏಳೂವರೆಗೆ ಫೋನು.

ಆ ಫೋನಿನ ಪೂರ್ಣ ಪಾಠ ಹೀಗಿರುತ್ತಿತ್ತು.

"ಊಟಾ ಆತೇನ್ರಿ?"

"ಇನ್ನೂ ಇಲ್ಲ. ನಿಂದು?"

"ಮಾಡಬೇಕು. ಮತ್ತೇನ್ರಿ?"

"ಏನಿಲ್ಲ."

"ಆತು, ಹಂಗಾರ ಇಡತೇನಿ."

ಎರಡು ನಿಮಿಷ ದಾಟಿದರೆ ಹೆಚ್ಚು. ನಮ್ಮ ನಡುವೆ ಜಗಳವೇನೂ ಇರಲಿಲ್ಲ. ಒಂದೇ ಮನೆಯಲ್ಲಿದ್ದರೆ ಹಾಲು ಉಕ್ಕಿದ್ದೇ ಮಾತಿಗೆ ಸಾಕು. ಅದನ್ನು ಒಂಬತ್ತು ತಾಸಿನ ದೂರಕ್ಕೆ ಸುದ್ದಿ ಮಾಡಿ ಹೇಳಲು ಇಬ್ಬರಿಗೂ ಸಂಕೋಚ. ಫೋನಿಟ್ಟ ಮೇಲೆ ಮನೆ ಮೊದಲಿಗಿಂತ ಖಾಲಿ ಕಾಣುತ್ತಿತ್ತು. ಆಕೆಯ ದನಿ ಇನ್ನೊಂದಿಷ್ಟು ಹೊತ್ತು ಕೇಳಬೇಕು ಅನ್ನಿಸುತ್ತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆಕೆ ಪಿಎಚ್.ಡಿ.ಗೆ ಆರಿಸಿಕೊಂಡಿದ್ದ ವಿಷಯ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಕೂಡಿಡುವ ಶೆಡ್ಡಿನೊಳಗೆ ಗಾಳಿ ಹೇಗೆ ಹರಿಯುತ್ತದೆ ಎಂಬುದು. ಕುಬಿಹಾಳದಲ್ಲಿ ಆಕೆಯ ತಮ್ಮನ ಹೊಲವಿದೆ. ಅಲ್ಲಿ ನೆಲದಿಂದ ಎರಡು ಅಡಿ ಎತ್ತರಕ್ಕೆ ಬಿದಿರಿನ ಅಟ್ಟ ಕಟ್ಟಿ, ಸುತ್ತ ತಂತಿ ಜಾಳಿಗೆ ಹೊಡೆದು, ಮೇಲೆ ತಗಡು ಹೊದಿಸಿದ ಶೆಡ್ಡು. ಉಳ್ಳಾಗಡ್ಡಿ ಪ್ರತಿ ವರ್ಷವೂ ರಾಶಿಯ ನಟ್ಟನಡುವೆಯೇ ಕೊಳೆಯುತ್ತಿತ್ತು. ಯಾಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಆಕೆಯ ಕೆಲಸ. ಶೆಡ್ಡಿನ ಅಳತೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಟೇಪು ಹಿಡಿದು ಹೋದೆ. ಆಕೆಯ ತಮ್ಮ ಹೊರಸಿನ ಮೇಲೆ ಕುಳಿತು ನೋಡುತ್ತಿದ್ದ.

"ಮಾಮಾ, ಅಕ್ಕಾ ಅಲ್ಲಿ ಕುಂತು ನನ್ನ ಶೆಡ್ಡಿನ್ಯಾಗಿನ ಗಾಳಿ ನೋಡತಾಳಂತ?"

"ನೋಡೂದಲ್ಲೋ, ಲೆಕ್ಕ ಹಾಕತಾಳ."

"ಲೆಕ್ಕ ಯಾಕ್ರಿ? ಒಂದ್ ಬೀಡಿ ಹಚ್ಚಿದ್ರ ಗಾಳಿ ಯಾವ ಕಡೆ ಹೊಂಟೈತಿ ಗೊತ್ತಾಗತೈತಿ."

"ಉಳ್ಳಾಗಡ್ಡಿ ರಾಶಿ ನಡುವ ಹೊಕ್ಕು ಬೀಡಿ ಹಚ್ಚತೀಯೇನು?"

"ನೀವ ಹೊಗರಿ. ಪೇಪರ್‌ನವ್ರಿಗೆ ಹೊಗಬ್ಯಾಡ ಅನ್ನಾವ್ರು ಯಾರದಾರ?"

ಅಳತೆಗಳನ್ನು ಎರಡೆರಡು ಸಲ ತೆಗೆದು, ಪಡುವಣ ಮೂಲೆಯ ಕಂಬ ವಾಲಿದೆ ಎಂಬ ಟಿಪ್ಪಣಿಯ ಜೊತೆ ಕಳಿಸಿದೆ. ಆ ಸಂಜೆಯ ಫೋನು ಹದಿನೇಳು ನಿಮಿಷ ನಡೆಯಿತು. ಕಂಬ ಎಷ್ಟು ವಾಲಿದೆ, ಜಾಳಿಗೆಯ ಕಣ್ಣು ಎಷ್ಟು ದೊಡ್ಡದು, ಬಾಜೂಕ ಬೇವಿನ ಗಿಡ ಇನ್ನೂ ಇದೆಯೋ ಕಡಿದರೋ, ಎಲ್ಲವನ್ನೂ ಆಕೆ ಕೇಳಿದಳು. ಮರುದಿನ ಕೇಳಲು ಏನೂ ಉಳಿದಿರಲಿಲ್ಲ. ಫೋನು ಮತ್ತೆ ಎರಡು ನಿಮಿಷಕ್ಕೆ ಬಂತು. ಅವತ್ತೇ ನಾನು ಈ ವಿದ್ಯೆಯನ್ನು ಕಲಿಯುವುದೆಂದು ತೀರ್ಮಾನಿಸಿದೆ.

ಆಕೆ ಬಳಸುವ ತಂತ್ರಾಂಶ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದದ್ದು. ಒಳಗೆ ಏನಿದೆಯೆಂದು ತೆರೆದು ಓದಲೂಬಹುದು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಹಾಕುವುದಕ್ಕೇ ಎರಡು ಭಾನುವಾರ ಹಿಡಿದವು. ಒತ್ತಲು ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಎಲ್ಲವನ್ನೂ ಕಡತಗಳಲ್ಲಿ ಬರೆದು ಹೇಳಬೇಕು: ಗಾಳಿ ಯಾವ ಕಡೆಯಿಂದ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಗೋಡೆ ಯಾವುದು, ತಗಡು ಎಷ್ಟು ಕಾದಿದೆ. ಸಾಲಿನ ಕೊನೆಯಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೂ ನಿಂತುಬಿಡುತ್ತದೆ. ಈ ಒಂದು ವಿಷಯದಲ್ಲಿ ನನಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ.

ಶೆಡ್ಡಿನೊಳಗಿನ ಜಾಗವನ್ನು ಅದು ಸಾವಿರಾರು ಸಣ್ಣ ಪೆಟ್ಟಿಗೆಗಳಾಗಿ ಹೋಳು ಮಾಡುತ್ತದೆ. ಒಂದೊಂದು ಪೆಟ್ಟಿಗೆಗೂ ಅಕ್ಕಪಕ್ಕದಿಂದ ಎಷ್ಟು ಗಾಳಿ ಬಂತು, ಎಷ್ಟು ಹೋಯಿತು ಎಂದು ಲೆಕ್ಕ ಹಾಕುತ್ತದೆ. ಹೊಂದದಿದ್ದರೆ ಮತ್ತೊಂದು ಸುತ್ತು. ಪ್ರತಿ ಸುತ್ತಿನ ಕೊನೆಗೆ ಇನ್ನೂ ಎಷ್ಟು ತಪ್ಪು ಉಳಿದಿದೆಯೆಂದು ತಾನೇ ಬರೆದು ತೋರಿಸುತ್ತದೆ. ನಾನು ಕೆಲಸ ಮಾಡಿದ ಯಾವ ಕಚೇರಿಯಲ್ಲೂ ಇಂಥ ಪದ್ಧತಿ ಇರಲಿಲ್ಲ.

ನನ್ನ ತಪ್ಪುಗಳು ಏಳೂವರೆಯ ಫೋನಿಗೆ ಮೇವಾದವು. ಕಡತ ಕಳಿಸುತ್ತಿದ್ದೆ, ಆಕೆ ತೆರೆದು ನೋಡುತ್ತ ಮಾತಾಡುತ್ತಿದ್ದಳು.

"ಗ್ವಾಡಿಗೆ ತಾಗಿದ ಗಾಳಿ ಅಲ್ಲೇ ನಿಂದರತೈತ್ರಿ. ನೀವು ಜಾರಿ ಹೋಗೂ ಹಂಗ ಬರದೀರಿ. ಗ್ವಾಡಿ ಅಂದ್ರ ಜಾರುಬಂಡಿ ಏನ್ರಿ?"

"ನೀ ಕೊಟ್ಟ ಪುಸ್ತಕದಾಗ ಹಂಗ ಇತ್ತಲ್ಲ."

"ಅದು ಮುಂದಿನ ಪಾಠರಿ. ಸುದ್ದಿನೂ ಹಿಂಗ ಓದತೀರಿ ಏನು, ಅರ್ಧಕ್ಕ ಬಿಟ್ಟು?"

ತಂತ್ರಾಂಶದ ಮಾತು ಮುಗಿದ ಮೇಲೂ ಫೋನು ಮುಗಿಯುತ್ತಿರಲಿಲ್ಲ. ಆಕೆಯ ಬಾಡಿಗೆ ಮನೆಗೆ ನೀರು ದಿನ ಬಿಟ್ಟು ದಿನ ಬರುವುದು, ಕ್ಲಾಸಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯಾರ್ಥಿನಿ, ಎಲ್ಲ ಆಗ ತಿಳಿದವು. ಆಕೆ ಅಲ್ಲಿ ಮೂರು ವರ್ಷದಿಂದ ಇದ್ದಳು.

ಚಳಿಗಾಲ ಬರುವ ಹೊತ್ತಿಗೆ ನನ್ನ ಲೆಕ್ಕ ಸರಿ ಬರತೊಡಗಿತು. ರಾಶಿಯ ನಡುವೆ ಗಾಳಿ ಬಹುಮಟ್ಟಿಗೆ ನಿಂತೇ ಇರುವುದು ಇಬ್ಬರ ಲೆಕ್ಕದಲ್ಲೂ ಕಂಡಿತು. ನಡುವೆ ಒಂದು ಓಣಿ ಬಿಟ್ಟು ರಾಶಿ ಹಾಕಲು ಆಕೆ ತಮ್ಮನಿಗೆ ಹೇಳಿದಳು. ಅವನು ಹಾಕಿದ್ದಾನೆ. ಕೊಳೆಯುವುದು ಕಡಿಮೆಯಾಯಿತೇ ಎಂಬುದು ರಾಶಿ ತೆಗೆದ ಮೇಲೆ ಗೊತ್ತಾಗಬೇಕು. ಆದರೆ ತಪ್ಪುಗಳು ತೀರಿದಂತೆ ಫೋನೂ ಚಿಕ್ಕದಾಯಿತು. ಹದಿನೈದು ನಿಮಿಷ, ಆರು, ನಾಲ್ಕು. ಅದೇ ವಾರ ವರ್ಗಾವಣೆ ಪಟ್ಟಿ ಬಂತು. ಆಕೆಯೂ ಸಾಮಾನ್ಯ ವರ್ಗಾವಣೆಗೆ ಅರ್ಜಿ ಹಾಕಿದ್ದಳು, ಹೆಸರಿರಲಿಲ್ಲ.

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಎಂದೂ ಮಾಡದ್ದನ್ನು ಆಗ ಮಾಡಿದೆ. ಗುರುತ್ವಾಕರ್ಷಣೆ ಯಾವ ದಿಕ್ಕಿಗೆ ಎಳೆಯುತ್ತದೆ ಎಂದು ಹೇಳುವ ಒಂದು ಸಣ್ಣ ಕಡತವಿದೆ. ಅದರಲ್ಲಿ ಸಂಖ್ಯೆಗಿಂತ ಮೊದಲು ಒಂದು ಋಣಚಿಹ್ನೆ, ಮೈನಸ್ಸು. ಅದನ್ನು ಅಳಿಸಿದೆ. ತಿದ್ದುವ ಮೊದಲು ಮೂಲಪ್ರತಿ ತೆಗೆದಿಡುವುದು ನಮ್ಮ ಕಚೇರಿಯ ಶಿಸ್ತು, ಅದನ್ನೂ ಪಾಲಿಸಿದೆ. ಲೆಕ್ಕ ಓಡಿತು. ತಗಡಿನ ಕೆಳಗೆ ಕಾದ ಗಾಳಿ ಮೇಲೆ ನಿಲ್ಲುವ ಬದಲು ಉಳ್ಳಾಗಡ್ಡಿಯ ಮೇಲೆ ಇಳಿದು, ಅಟ್ಟದ ಸಂದಿಯಿಂದ ಹೊರಗೆ ಹೋಯಿತು. "ಎಲ್ಲೋ ತಪ್ಪೈತಿ, ನೋಡು" ಎಂದು ಆಕೆಗೆ ಕಳಿಸಿದೆ.

ತಪ್ಪು ಸಿಗಲು ನಾಲ್ಕು ಸಂಜೆ ಹಿಡಿದವು. ಮೊದಲ ದಿನ ಪೆಟ್ಟಿಗೆಗಳನ್ನು ಪರೀಕ್ಷಿಸಿದಳು. ಎರಡನೆಯ ದಿನ ತಗಡಿನ ಉಷ್ಣತೆ. ಮೂರನೆಯ ದಿನ ಗಾಳಿಯ ವೇಗ. ಒಂದೊಂದು ಫೋನೂ ನಲವತ್ತು ನಿಮಿಷಕ್ಕೆ ಕಡಿಮೆಯಿರಲಿಲ್ಲ. ನಾಲ್ಕನೆಯ ಸಂಜೆ, "ಗುರುತ್ವ ಉಲ್ಟಾ ಆಗೇತ್ರಿ," ಅಂದಳು. "ಹೌದಲ್ಲ," ಅಂದೆ.

ಮುಂದಿನ ಶನಿವಾರ ಆಕೆ ಬಂದ ಮೇಲೆ ನಾನು ಚಹಾಕ್ಕೆ ನೀರಿಟ್ಟೆ. ಆಕೆ ನನ್ನ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು.

"ಇಲ್ಲಿ ಬರ್ರಿ. ಇದೇನು, 'ಮೂಲ' ಅಂತ ಇನ್ನೊಂದು ಐತಲ್ಲ?"

"ಸರಿ ಇದ್ದ ಪ್ರತಿ."

"ಅಂದ್ರ ನೀವು ಬೇಕಂತ ಅಳಿಸೀರಿ."

"ಹೂಂ."

"ನೀವು ಮಂದಿ ತಪ್ಪು ತಿದ್ದಾವ್ರು."

"ಹೂಂ."

ಆಕೆ ಎರಡೂ ಕಡತಗಳನ್ನು ಅಕ್ಕಪಕ್ಕ ತೆರೆದಿಟ್ಟಳು. "ಕಾದ ಗಾಳಿ ಕೆಳಗ ಇಳಿಯಾಕತ್ತಿದ್ದು ಮೊದಲನೇ ದಿನಾನ ಕಂಡಿತ್ರಿ. ಹದಿನಾಲ್ಕು ವರ್ಷ ಆತು ಇದನ್ನ ಕಲಿಸಾಕತ್ತು. ಅಷ್ಟೂ ತಿಳಿಯೂದಿಲ್ಲೇನು ನನಗ?"

"ಮತ್ತ ನಾಕ್ ದಿನ ಯಾಕ ಹಿಡೀತು?"

"ಹಿಡಿಲಿ ಅಂತ ಬಿಟ್ಟೆ," ಅಂದಳು.

ಚಹಾದ ನೀರು ಅರ್ಧಕ್ಕೆ ಇಂಗಿತ್ತು. ಇನ್ನಷ್ಟು ಹಾಕಿದೆ.

ಭಾನುವಾರ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಯಿಂದ ಆಕೆಯ ಬಸ್ಸು ಬಂದು ನಿಂತಿತ್ತು. ಆಕೆ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಕಂಡಕ್ಟರ್ ಇನ್ನೂ ಬಂದಿರಲಿಲ್ಲ.

"ಇದರಾಗ ಕಲಿಯಾಕ ಎಲ್ಲಾಕ್ಕಿಂತ ಹೆಚ್ಚು ದಿನ ಹಿಡಿಯೂದು ಯಾವುದು?" ಎಂದು ಕೆಳಗಿನಿಂದ ಕೇಳಿದೆ.

"ಸುಳಿ ಸುಳಿಯಾಗಿ ಹರಿಯೂ ಗಾಳಿರಿ. ಪ್ರಕ್ಷುಬ್ಧ ಹರಿವು ಅಂತಾರ. ಅದನ್ನ ಇನ್ನೂ ಯಾರಿಗೂ ಪೂರ್ತಿ ಬಿಡಿಸಾಕ ಆಗಿಲ್ಲ."

"ಹಂಗಾರ ಅದನ್ನ ಸುರು ಮಾಡೂಣು."

"ಜೀವನಾ ಪೂರ್ತಿ ಹಿಡಿತೈತ್ರಿ ಅದು."

"ಹಿಡೀಲಿ," ಅಂದೆ.

ಆಕೆ ಸೆರಗಿನಿಂದ ಕಿಟಕಿಯ ಗಾಜಿನ ಧೂಳು ಒರೆಸಿದಳು. ಕಂಡಕ್ಟರ್ ಸೀಟಿ ಊದಿದ. "ನಾಳೆ ಮೊದಲನೇ ಪಾಠ ಓದಿ ಇಟ್ಟಿರ್ರಿ. ಪೂರ್ತಿ ಓದ್ರಿ," ಎಂದು ಹೇಳುತ್ತಿರುವಾಗಲೇ ಬಸ್ಸು ಹೊರಟಿತು.