ಅಮ್ಮ ತಿರುವಿ ಹಾಕದ ತಟ್ಟೆ

ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತಳಾದ ಮೇಲೆ ರಮಾಗೆ ಮನೆಯಲ್ಲಿ ಕೈಕಟ್ಟಿ ಕೂರುವುದು ಆಗಲಿಲ್ಲ. ವಾರಕ್ಕೆರಡು ದಿನ, ತನ್ನ ಮನೆಯಿದ್ದ ಡಬ್ಲಿನ್ ಎಂಬ ಹತ್ತಿರದ ಊರಿನಿಂದ ರೈಲು ಹತ್ತಿ ಓಕ್ಲ್ಯಾಂಡಿನ ಗ್ರಂಥಾಲಯವೊಂದಕ್ಕೆ ಹೋಗುತ್ತಿದ್ದಳು. ಜನ ತಂದುಕೊಡುವ ಗ್ರಾಮಫೋನ್ ತಟ್ಟೆಗಳನ್ನು ಒರೆಸಿ, ಹಾಡುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ.

ಒಂದು ಬೆಳಿಗ್ಗೆ ಹಸಿಂತೊ ಎಂಬ ಹಿರಿಯರು ಬಂದರು. ಎಂಬತ್ತಾರರ ವಯಸ್ಸು, ಲಿವರ್‌ಮೋರಿನ ದ್ರಾಕ್ಷಿತೋಟಗಳಲ್ಲಿ ಬಳ್ಳಿ ಸವರುತ್ತಲೇ ಮುದುಕರಾದವರು. ಟವೆಲಿನಲ್ಲಿ ಸುತ್ತಿ ತಂದಿದ್ದ ತಟ್ಟೆ ಅವರ ಅಮ್ಮನದು. ಮೆಕ್ಸಿಕೋದಲ್ಲಿ ಸರ್ಕಾರದ ಮೇಲೆ ತಿರುಗಿಬಿದ್ದ ಬಂಡುಕೋರನೊಬ್ಬನ ಲಾವಣಿ. ಒಂದು ಬದಿಗೆ ಮೂರು ನಿಮಿಷವಷ್ಟೇ ಹಿಡಿಯುತ್ತಿದ್ದ ಕಾಲ. ಅದಕ್ಕೇ ಕಥೆ ಅರ್ಧ ಈ ಬದಿ, ಅರ್ಧ ಆ ಬದಿ.

“ಈ ಬದಿಯಲ್ಲಿ ಅವನು ಕುದುರೆ ಸಮೇತ ಹೊಳೆಗೆ ಹಾರ್ತಾನೆ. ಇನ್ನೊಂದನ್ನ ಅಮ್ಮ ಯಾವತ್ತೂ ಹಾಕಲಿಲ್ಲ,” ಎಂದರು ಹಸಿಂತೊ. “ನಾನೂ ನನ್ನಕ್ಕನೂ ಅವನು ದಡ ಸೇರಿ ಮನೆಗೆ ಹೋದ ಅಂತಲೇ ತಿಳ್ಕೊಂಡಿದ್ವಿ.”

“ಆಮೇಲಾದ್ರೂ ಕೇಳಲಿಲ್ವಾ?”

“ಅಮ್ಮ ಹೋದ ಮೇಲೆ ಮನಸ್ಸು ಬರಲಿಲ್ಲ. ಈಗ ಕೇಳ್ಬೇಕು ಅನ್ನಿಸ್ತಿದೆ.”

ಮೊದಲ ಬದಿ ಸವೆದು ಬೂದಿಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಈಗಷ್ಟೇ ಅಂಗಡಿಯಿಂದ ತಂದಹಾಗೆ ಹೊಳೆಯುತ್ತಿತ್ತು. ರಮಾ ಅದರ ಮೇಲೆ ಮುಳ್ಳು ಇಟ್ಟಳು. ಗಿಟಾರಿನ ಜೊತೆ ಇಬ್ಬರು ಗಂಡಸರ ದನಿ. ಅವಳಿಗೆ ಸ್ಪ್ಯಾನಿಷ್ ಬಾರದು. ಆದರೂ ಹಾಡು ನಿಧಾನವಾದಾಗ ಮಂಡ್ಯದ ಕಡೆಯ ಅಜ್ಜಿ ಮರಿತಾಯಮ್ಮ ನೆನಪಾದಳು. ರಾಗಿ ಬೀಸುತ್ತ ಅವಳು ಗಲ್ಲಿಗೇರಿದವನೊಬ್ಬನ ಪದ ಹೇಳುತ್ತಿದ್ದಳು; ಗಲ್ಲಿಗೇರಿಸಿದ್ದು ಯಾವ ವಾರ, ಯಾವ ಊರಲ್ಲಿ ಎಂಬ ಸಾಲು ಬಂದಾಗ ಬೀಸುವ ಕಲ್ಲೂ ನಿಧಾನವಾಗುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ರಮಾಳ ಕೆನ್ನೆಗೆ ಬೆಚ್ಚನೆಯ ಹಿಟ್ಟು ಹಾರುತ್ತಿತ್ತು. ಎಷ್ಟು ವರ್ಷವಾಯಿತು ಅದನ್ನು ನೆನೆದು.

ಹಸಿಂತೊ ಕೈಯೆತ್ತಿದರು. ರಮಾ ಹಾಡು ನಿಲ್ಲಿಸಿದಳು.

“ಆಚೆ ದಡದಲ್ಲಿ ಸಿಪಾಯಿಗಳು ಕಾದಿದ್ರು,” ಎಂದರು ಅವರು. “ಜೊತೆಗೆ ಸತ್ತವರ ಹೆಸರೂ ಹೇಳ್ತಾರೆ. ಮೂರನೆಯದು ಅಮ್ಮನ ಅಣ್ಣಂದು. ಜ್ವರ ಬಂದು ಹೋದ ಅಂತಿದ್ಲು ಅಮ್ಮ.”

ರಮಾ ತನ್ನ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಟ್ಟಳು. ಅದನ್ನು ಕುಡಿದು, ಅವರು ಮತ್ತೆ ಹಾಕಲು ಹೇಳಿ, ಈ ಸಲ ಕೊನೆಯವರೆಗೂ ಕೇಳಿದರು. ಆ ಹೆಸರು ಬಂದಾಗ ತುಟಿ ಅಲುಗಿಸಿ ತಾವೂ ಹೇಳಿಕೊಂಡರು.

“ನನಗೆ ಎರಡೂ ಬದಿ ಬೇಕು,” ಎಂದರು. “ಫ್ರೆಸ್ನೋದಲ್ಲಿ ಅಕ್ಕ ಇದ್ದಾಳೆ, ತೊಂಬತ್ತೊಂದು ವರ್ಷ. ಅವಳಿಗೆ ಮೊದಲನೇದು ಮಾತ್ರ ಮಾಡಿಕೊಡಿ.”

ರಮಾ ಹಾಗೇ ಎರಡು ಸೀಡಿ ಮಾಡಿ, ಒಂದರ ಮೇಲೆ ಅಕ್ಕನ ಹೆಸರು ಕೇಳಿ ಬರೆದಳು.