ಓಣಿಯ ಮಗ್ಗಗಳು ನಿಂತ ಮಧ್ಯಾಹ್ನ

ಕೋವಿಡ್ ಮುಗಿದು ಶಾಲೆ, ಕಾಲೇಜುಗಳು ಮತ್ತೆ ಪೂರ್ತಿ ನಡೆಯತೊಡಗಿದ ವರ್ಷ ನಾನು ಬೀಳಗಿಯಿಂದ ವರ್ಗವಾಗಿ ಜಮಖಂಡಿಗೆ ಬಂದೆ. ಹುದ್ದೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು, ಎಲ್ಲರ ಬಾಯಲ್ಲಿ ಸಿಡಿಪಿಒ. ಅಂಗನವಾಡಿಯ ಮೊಟ್ಟೆ, ಹಾಲಿನ ಪುಡಿ ನೋಡುವವಳು ಎಂದಷ್ಟೇ ಜನ ತಿಳಿದಿರುತ್ತಾರೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಜವಾಬ್ದಾರಿಯೂ ನನ್ನದೇ ಆಗಿತ್ತು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿನ ಪರವಾಗಿ ಕೋರ್ಟಿಗೆ ವರದಿ ಕೊಡುವುದು, ಕೋರ್ಟಿನ ಆದೇಶ ಜಾರಿಯಾಗುವಂತೆ ನೋಡುವುದು ಆ ಕೆಲಸ. ನಾನು ಹೇಳಹೊರಟ ಮನೆ ಬನಹಟ್ಟಿಯ ನೇಕಾರರ ಓಣಿಯೊಂದರಲ್ಲಿದೆ. ಓಣಿಯ ಹೆಸರು ಹೇಳುವುದಿಲ್ಲ, ಜನರ ಹೆಸರುಗಳನ್ನು ಬದಲಿಸಿದ್ದೇನೆ.

ಪ್ರಕರಣ ಶುರುವಾದದ್ದು ಜಮಖಂಡಿಯ ಒಂದು ಕಾಲೇಜಿನಲ್ಲಿ. ಪಿಯುಸಿ ಎರಡನೇ ವರ್ಷದ ವಿಜ್ಞಾನ ಓದುತ್ತಿದ್ದ ಪೂರ್ಣಿಮಾ ಎಂಬ ಹುಡುಗಿ ಮುಂದಿನ ಹಲ್ಲು ಮುರಿದುಕೊಂಡು ತರಗತಿಗೆ ಬಂದಿದ್ದಳು. ಬಸ್ಸಿನಲ್ಲಿ ಬಿದ್ದೆ ಎಂದಳು. ಉಪನ್ಯಾಸಕಿ ನಂಬಲಿಲ್ಲ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಅಲ್ಲಿಂದ ಸುದ್ದಿ ನಿಯಮದ ಪ್ರಕಾರ ಎಲ್ಲ ಕಡೆ ಹರಡಿತು: ಪೊಲೀಸರಿಗೆ, ಆರೋಗ್ಯ ಇಲಾಖೆಗೆ, ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ, ನಮ್ಮ ಕಚೇರಿಗೆ. ಎಲ್ಲರೂ ಚುರುಕಾಗಿಯೇ ಕೆಲಸ ಮಾಡಿದರು. ಒಬ್ಬರಾದ ಮೇಲೆ ಒಬ್ಬರು ಗೃಹಭೇಟಿಗೆ ಹೋದರು. ಹೋದವರೆಲ್ಲ ಮನೆಯ ಮುಂದೆ ಜೀಪು ನಿಲ್ಲಿಸಿ, ಕುಟುಂಬವನ್ನು ಬಾಗಿಲಲ್ಲಿ ನಿಲ್ಲಿಸಿ, ಜಿಪಿಎಸ್ ಫೋಟೊ ತೆಗೆದರು. ಹೋಗಿದ್ದಕ್ಕೆ ಪುರಾವೆಯಾಗಿ ಸ್ಥಳ, ಸಮಯ ಮೂಡುವ ಆ ಫೋಟೊವನ್ನು ಮೇಲಿನವರಿಗೆ ಕಳಿಸಲೇಬೇಕು. ಇಲ್ಲದಿದ್ದರೆ ಭೇಟಿ ಕೊಟ್ಟಿದ್ದೂ ಕೊಡದಂತೆಯೇ.

ಮನೆಯ ಯಜಮಾನ ಈಶ್ವರಪ್ಪ ಎಲ್ಲರನ್ನೂ ಕುಳ್ಳಿರಿಸಿ ಚಹಾ ಕೊಟ್ಟ. ಕುಡಿತದ ಚಟವಿಲ್ಲ, ಗಟ್ಟಿಯಾಗಿ ಮಾತಾಡುವವನಲ್ಲ. ಮನೆಯ ಮುಂಭಾಗದಲ್ಲಿ ಎರಡು ಪವರ್‌ಲೂಮ್, ಹಿಂದೆ ಸಂಸಾರ. ಓಣಿಯಲ್ಲಿ ಯಾರಿಗಾದರೂ ಜಗಳವಾದರೆ ಬಿಡಿಸಲು ಅವನನ್ನೇ ಕರೆಯುತ್ತಿದ್ದರಂತೆ. ಹೆಂಡತಿ ಕಸ್ತೂರಿ ಕಂಡಿಕೆ ಸುತ್ತುತ್ತಾಳೆ, ಅಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲನ್ನು ಸುತ್ತಿ ಕೊಡುತ್ತಾಳೆ. ಕೇಳಿದವರಿಗೆಲ್ಲ ಅವಳು ಏನೂ ಇಲ್ಲ ಎಂದೇ ಹೇಳಿದಳು. ಅಕ್ಕಪಕ್ಕದವರನ್ನು ಕೇಳಿದರೆ ಅವರೂ ಏನೂ ಕೇಳಿಲ್ಲ ಎಂದರು. ನಾಲ್ಕು ಇಲಾಖೆಗಳ ಕಡತಗಳಲ್ಲೂ ಆ ಕುಟುಂಬ ಸುಖವಾಗಿತ್ತು.

ಒಂದು ಸೋಮವಾರ ಜಮಖಂಡಿಯ ಆಸ್ಪತ್ರೆಯಿಂದ ಕರೆ ಬಂತು. ಕಸ್ತೂರಿಯ ಎಡಗಡೆಯ ಪಕ್ಕೆಲುಬು ಮುರಿದಿತ್ತು. ಕಣ್ಣು ಬಾತು ಮುಚ್ಚಿಹೋಗಿತ್ತು, ಕಿವಿಯ ಮೇಲೆ ಕೂದಲು ಕಿತ್ತುಬಂದು ಚರ್ಮ ಕೆಂಪಗೆ ಹಸಿಯಾಗಿತ್ತು. ಮಗ್ಗಕ್ಕೆ ಸೆರಗು ಸಿಕ್ಕಿತು ಎಂದು ಬರೆಸಿದ್ದರು. ನಾನು ಗಂಡನನ್ನು ಔಷಧ ತರಲು ಹೊರಗೆ ಕಳಿಸಿ ಅವಳ ಪಕ್ಕದಲ್ಲಿ ಕೂತೆ. ಅವಳು ಒಂದೇ ಸಲಕ್ಕೆ ಹೇಳಿಬಿಟ್ಟಳು.

"ನಿಮ್ಮ ಕೈ ಮುಗೀತೀನ್ರಿ, ಇನ್ನ ಯಾರನ್ನೂ ಕಳಸಬ್ಯಾಡ್ರಿ. ಮೊದಲ ತಿಂಗಳಿಗೊಮ್ಮೆ ಬಡೀತಿದ್ದ. ಈಗ ಜೀಪ್ ಬಂದ ಹೋದ ದಿನಾ ಬಡೀತಾನ."

ಉಳಿದದ್ದನ್ನೂ ಹೇಳಿದಳು. ಬಂದವರನ್ನು ಕಳಿಸಿ ಅವನು ಬಾಗಿಲು ಹಾಕುತ್ತಿದ್ದ, ಎರಡೂ ಮಗ್ಗ ಚಾಲೂ ಮಾಡುತ್ತಿದ್ದ, ಆಮೇಲೆ ಅವಳ ಮೇಲೆ ಕೈ ಮಾಡುತ್ತಿದ್ದ. ಮಗಳ ಹಲ್ಲು ಮುರಿದದ್ದೂ ಬಿಡಿಸಲು ಹೋದಾಗಲೇ. ಓಣಿಯಲ್ಲಿ ಹಗಲೆಲ್ಲ ಮನೆ ಮನೆಯ ಮಗ್ಗವೂ ಓಡುವಾಗ ಎದುರು ಕೂತವರ ಮಾತೇ ಕೇಳಿಸುವುದಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಚೀರಾಟ ಯಾರ ಕಿವಿಗೆ ಬೀಳಬೇಕು? ಕರೆಂಟ್ ಹೋದರೆ ಅವನೂ ನಿಲ್ಲಿಸುತ್ತಿದ್ದ. ಕರೆಂಟ್ ಬಂದ ಮೇಲೆ ಉಳಿದದ್ದನ್ನು ಮುಗಿಸುತ್ತಿದ್ದ.

ಪೂರ್ಣಿಮಾಳನ್ನು ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ಮಾತಾಡಿಸಿದೆ. ತೆಳ್ಳನೆಯ ಹುಡುಗಿ, ಅಳುವವಳಲ್ಲ. ಹಾಸ್ಟೆಲಿಗೆ ಸೇರಿಸುತ್ತೇನೆ ಎಂದೆ.

"ನಾ ಹೋದ್ರ ಅವ್ವಗ ಯಾರದಾರ್ರಿ? ಮುಂದಿನ ಸಲ ಅಂವ ಕೈ ಎತ್ತಿದ್ರ ನಾ ಅವನ ತಲೀನ ಒಡೀತೀನಿ. ಕೋಲ್ ತಗದ ಇಟ್ಟೇನಿ."

ಲಾಳಿಯನ್ನು ಅತ್ತಿಂದಿತ್ತ ಒದೆಯಲು ಮಗ್ಗದ ಬದಿಗೆ ಗಟ್ಟಿ ಕಟ್ಟಿಗೆಯ ಒಂದು ಕೋಲಿರುತ್ತದೆ. ಅವಳು ಹೇಳಿದ್ದು ಅದನ್ನೇ. ಆ ಕೋಲನ್ನು ನನಗೆ ಕೊಟ್ಟುಬಿಡು ಎಂದೆ.

"ಮಗ್ಗದ ಮನ್ಯಾಗ ಕೋಲಿಗೇನ್ ಬರಾನ್ರಿ ಮೇಡಮ್ರ? ನೀವು ಒಂದ ಒಯ್ದ್ರ ಇನ್ನೊಂದ ಇರತೈತಿ."

ಅವಳು ಬೆದರಿಕೆ ಹಾಕುತ್ತಿರಲಿಲ್ಲ, ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು. ಅಲ್ಲಿಂದ ಮುಂದೆ ನನ್ನ ಎದೆಯ ಮೇಲೆ ಕೂತದ್ದು ಒಂದೇ ಭಯ. ನಾವು ತಡ ಮಾಡಿದರೆ ತಾಯಿ ಸಾಯುತ್ತಾಳೆ, ಇಲ್ಲವೇ ಈ ಹುಡುಗಿ ತಂದೆಯನ್ನು ಕೊಂದು ಬದುಕು ಹಾಳುಮಾಡಿಕೊಳ್ಳುತ್ತಾಳೆ. ಕಸ್ತೂರಿಗೂ ಆಶ್ರಯಧಾಮಕ್ಕೆ ಬಾ ಎಂದು ಹೇಳಿ ನೋಡಿದೆ. ಮಗಳ ಪರೀಕ್ಷೆ ಮುಗಿಯುವ ತನಕ ಮನೆ ಬಿಡುವುದಿಲ್ಲ, ಪೊಲೀಸ್ ದೂರೂ ಬೇಡ ಎಂದು ಹಟ ಹಿಡಿದಳು. ಬಲವಂತ ಮಾಡಲು ಕಾನೂನಿನಲ್ಲಿ ಅವಕಾಶವಿಲ್ಲ.

ಮರುದಿನ ನಾಲ್ಕೂ ಇಲಾಖೆಯವರನ್ನು ನನ್ನ ಕಚೇರಿಗೆ ಕರೆದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಿಬ್ಬಂದಿ ಆಡಿಕೊಳ್ಳುತ್ತಿದ್ದರು. ಅಂದು ಅವರ ಮಾತು ಸುಳ್ಳಾಗದಂತೆ ನೋಡಿಕೊಂಡೆ. ಕಸ್ತೂರಿಯ ಮಾತನ್ನು ಹೇಳಿದಾಗ ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ನಮ್ಮ ವರದಿ ಸರಿ ಇದೆ, ನಾವು ನಿಯಮ ಮೀರಿಲ್ಲ ಎಂಬುದೇ ಎಲ್ಲರ ವಾದ. ನಿಜವೇ, ಯಾರೂ ಮೀರಿರಲಿಲ್ಲ.

ಆ ಗದ್ದಲದಲ್ಲಿ ಕೆಲಸದ ಮಾತಾಡಿದವರು ಬನಹಟ್ಟಿಯ ಹೆಡ್ ಕಾನ್ಸ್‌ಟೇಬಲ್ ನದಾಫ್. ನಿವೃತ್ತಿಗೆ ಹತ್ತಿರವಿದ್ದ, ಕಡಿಮೆ ಮಾತಿನ ಮನುಷ್ಯ. "ನಾವು ಅಕಿ ಮನಿಗೆ ಹೋಗೂದ್ ಬಿಡೂನ್ರಿ. ಅಕೀನ ಅಂಗನವಾಡಿಗೆ ಬರ್ಲಿ. ನಾನೂ ಯೂನಿಫಾರ್ಮ್ ಬಿಟ್ಟ ಅಲ್ಲೇ ಬರ್ತೀನಿ," ಎಂದರು. ಓಣಿಯ ತುದಿಯಲ್ಲಿದ್ದ ಅಂಗನವಾಡಿಗೆ ಹೆಂಗಸರು ಬಂದುಹೋಗುವುದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಇನ್ನು ಮುಂದೆ ಯಾವ ಇಲಾಖೆಯವರೂ ಆ ಬಾಗಿಲಿಗೆ ಹೋಗಬಾರದು ಎಂದು ತೀರ್ಮಾನವಾಯಿತು. ಕಾಲೇಜಿನವರು ಹುಡುಗಿಯ ಮೇಲೆ ಕಣ್ಣಿಡಬೇಕು, ವೈದ್ಯರು ಗಾಯಗಳನ್ನು ಸರಿಯಾಗಿ ದಾಖಲಿಸಬೇಕು, ನಾನು ಗಂಡನನ್ನು ಮನೆಯಿಂದ ಹೊರಗಿಡುವ ಆದೇಶಕ್ಕಾಗಿ ಕೋರ್ಟಿಗೆ ಹೋಗಬೇಕು.

ಆದೇಶ ಬರುವ ತನಕ ಏನು ಗತಿ? ಅದಕ್ಕೂ ನದಾಫರ ಹತ್ತಿರ ಒಂದು ದಾರಿ ಇತ್ತು. ಆ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ತಿಳಿದ ಕೂಡಲೇ ಎಲ್ಲರೂ ಮಗ್ಗ ನಿಲ್ಲಿಸುವ ಪದ್ಧತಿ ಇದೆ. ಪಕ್ಕದ ಮನೆಯದು ನಿಂತರೆ ಅದರ ಪಕ್ಕದ್ದೂ ನಿಲ್ಲುತ್ತದೆ. ಹಗಲು ಹೊತ್ತಿನಲ್ಲಿ ಈಶ್ವರಪ್ಪ ಬಾಗಿಲು ಮುಚ್ಚಿಕೊಂಡು ಮಗ್ಗ ಹಚ್ಚಿದರೆ, ಒಳಗಿನ ಚೀರಾಟ ಕೇಳುವಂತೆ ನಿಮ್ಮ ಮಗ್ಗಗಳನ್ನು ಹಾಗೆಯೇ ನಿಲ್ಲಿಸಿ ಎಂದು ಓಣಿಯವರನ್ನು ಕೇಳೋಣ ಎಂದರು.

ಕೇಳಲು ನಾನೂ ಹೋದೆ. ಪಕ್ಕದ ಮನೆಯ ಚನ್ನಬಸಪ್ಪನಿಗೆ ಅರವತ್ತರ ಹತ್ತಿರ ವಯಸ್ಸು. ಈಶ್ವರಪ್ಪನ ಜೊತೆ ಆಡಿ ಬೆಳೆದವನಲ್ಲದಿದ್ದರೂ ಅವನ ಮದುವೆಯಲ್ಲಿ ಓಡಾಡಿದವನು. ನಮಗೆ ಕೂರಿ ಎಂದೂ ಹೇಳಲಿಲ್ಲ.

"ಹೆಣಾ ಬಿದ್ದಾಗ ನಿಂದರಸೂ ಮಗ್ಗ ಅದು. ಗಂಡ-ಹೆಂಡ್ತಿ ಜಗಳಕ್ಕ ನಿಂದರಸಂದ್ರ ಹೆಂಗ್ರಿ?"

"ಹೆಣಾ ಬೀಳೂತನಕ ಕಾಯಬೇಕೇನ್ ಚನ್ನಬಸಪ್ಪ?" ಎಂದರು ನದಾಫ್. ಅವನು ಒಳಗೆ ಹೋದ. ಉಳಿದ ಮನೆಗಳವರು ನೋಡೋಣ ಎಂದರು. ನೋಡೋಣ ಎಂದರೆ ಆಗುವುದಿಲ್ಲ ಎಂದು ಅರ್ಥ, ನಾನು ಆಸೆ ಬಿಟ್ಟೆ.

ಕಸ್ತೂರಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೆಲವು ದಿನ ತಣ್ಣಗಿದ್ದವು. ಅಂಗನವಾಡಿಯ ತೂಕದ ಯಂತ್ರದ ಪಕ್ಕದಲ್ಲೇ ಕೂತು ಅವಳು ಅರ್ಜಿಗೆ ಸಹಿ ಹಾಕಿದಳು. ಜೀಪು ಬರುವುದು ನಿಂತದ್ದೇ ಗಂಡನ ಕೈಯೂ ನಿಂತಿತ್ತು. ಪರೀಕ್ಷೆ ಹತ್ತಿರ ಬಂದು ಪೂರ್ಣಿಮಾ ಮನೆಯಲ್ಲೇ ಓದುತ್ತಿದ್ದಳು. ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಕಸ್ತೂರಿಗೆ ಕೋರ್ಟಿನಲ್ಲಿ ಏನು ಹೇಳಬೇಕೆಂದು ತಿಳಿಸಲು ನಾನೂ ನದಾಫರೂ ಅಂಗನವಾಡಿಯಲ್ಲಿ ಕಾಯುತ್ತಿದ್ದೆವು. ಅವಳು ಬರಲಿಲ್ಲ.

ಬಂದದ್ದು ಬೇರೆಯವರು. ಸಭೆಗೆ ಬಂದಿರದ ಒಬ್ಬ ಸಿಬ್ಬಂದಿ, ಯಾವ ಇಲಾಖೆ ಎಂದು ಹೇಳಿ ಈಗೇನು ಪ್ರಯೋಜನ, ತಿಂಗಳ ಕೊನೆಯ ಗುರಿಗೆ ಒಂದು ಭೇಟಿ ಕಡಿಮೆ ಬಿದ್ದಿತ್ತೆಂದು ಹಳೆಯ ವಿಳಾಸ ಹುಡುಕಿಕೊಂಡು ನೇರವಾಗಿ ಆ ಮನೆಗೆ ಹೋಗಿದ್ದರು. ಚಹಾ ಕುಡಿದು, ಫೋಟೊ ತೆಗೆದು, ಅಂಗನವಾಡಿಯ ಮುಂದೆಯೇ ಜೀಪಿನಲ್ಲಿ ಹಾದುಹೋದರು. ನನಗೆ ಕೈ ಬೀಸಿದರು. ನಾನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಓಣಿಯ ಸದ್ದು ಬದಲಾಗತೊಡಗಿತ್ತು.

"ಮೇಡಮ್ರ, ಮಗ್ಗ ನಿಂದರಾಕತ್ಯಾವು," ಎಂದರು ನದಾಫ್.

ಒಂದೊಂದೇ ಮನೆ ಸುಮ್ಮನಾಗುತ್ತ ಬಂತು. ಕೊನೆಗೆ ಇಡೀ ಓಣಿಯಲ್ಲಿ ಎರಡೇ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಅವುಗಳ ನಡುವೆ ಹೆಂಗಸಿನ ಚೀರಾಟ ಎಲ್ಲರಿಗೂ ಕೇಳಿಸಿತು. ಬಾಗಿಲಿಗೆ ಬಂದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಏನೂ ಕೇಳಿಲ್ಲ ಎಂದು ನಮಗೆ ಹೇಳಿದ್ದವರು ಅವರೇ.

ನಾವು ಓಡಿದೆವು. ನಾವು ಮುಟ್ಟುವ ಮೊದಲೇ ಚನ್ನಬಸಪ್ಪ ಮತ್ತು ಇನ್ನಿಬ್ಬರು ಕಬ್ಬಿಣದ ರಾಡಿನಿಂದ ಬಾಗಿಲ ಚಿಲಕ ಮುರಿಯುತ್ತಿದ್ದರು. ಒಳಗೆ ಕಸ್ತೂರಿ ಎರಡು ಮಗ್ಗಗಳ ನಡುವೆ ಅಂಗಾತ ಬಿದ್ದಿದ್ದಳು. ಮುಖ ಗುರುತು ಸಿಗದಷ್ಟು ರಕ್ತ, ಹಲ್ಲು ತುಟಿಯನ್ನು ಸೀಳಿಕೊಂಡು ಹೊರಗೆ ಬಂದಿತ್ತು. ನೇಯುತ್ತಿದ್ದ ಸೀರೆಯ ಮೇಲೂ ರಕ್ತ ಸಿಡಿದಿತ್ತು, ಮಗ್ಗ ಅದನ್ನೇ ನೇಯುತ್ತ ಹೋಗುತ್ತಿತ್ತು. ಪಕ್ಕದಲ್ಲಿ ಈಶ್ವರಪ್ಪ ಮೊಣಕಾಲೂರಿದ್ದ, ಒಂದು ಭುಜ ಜೋತುಬಿದ್ದಿತ್ತು. ಪೂರ್ಣಿಮಾ ಮೊದಲ ಏಟು ಹಾಕಿಯಾಗಿತ್ತು. ಎರಡನೆಯದಕ್ಕೆ ಕೋಲನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿದ್ದಳು.

ನಾನು ಅವಳ ಹೆಸರು ಹಿಡಿದು ಕೂಗಿದೆ. ಮಗ್ಗದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕೋಲು ಇಳಿಯುವಾಗ ಚನ್ನಬಸಪ್ಪ ನಡುವೆ ನುಗ್ಗಿ ಈಶ್ವರಪ್ಪನ ತಲೆಯ ಮೇಲೆ ತನ್ನ ಬಲಗೈ ಅಡ್ಡ ಹಿಡಿದ. ಮೂಳೆ ಮುರಿದು ಕೈ ಬಾಗಿದ್ದು ಬಾಗಿಲಲ್ಲಿದ್ದ ನನಗೂ ಕಾಣಿಸಿತು. ನದಾಫರು ಮೇನ್ ಸ್ವಿಚ್ ಎಳೆದರು, ಮಗ್ಗಗಳು ನಿಂತವು.

ಚನ್ನಬಸಪ್ಪ ನೋವಿಗೆ ನೆಲಕ್ಕೆ ಕುಸಿದಿದ್ದ. ಕೂತಲ್ಲಿಂದಲೇ ಇನ್ನೊಂದು ಕೈಯಿಂದ ಕೋಲಿನ ತುದಿ ಹಿಡಿದುಕೊಂಡ.

"ಸಾಕ್ ಬಿಡವಾ ತಂಗಿ. ನಮಗೆಲ್ಲಾರಿಗೂ ಕೇಳೈತಿ."

ಅವಳು ಕೋಲು ಬಿಟ್ಟಳು. ಆಗ ಅತ್ತಳು.

ತಾಯಿಯ ದವಡೆಗೆ ತಂತಿ ಹಾಕಿ ಕಟ್ಟಿದರು, ಜೀವ ಉಳಿಯಿತು. ಆದರೆ ಹುಡುಗಿಯ ಗಂಡಾಂತರ ಮುಗಿದಿರಲಿಲ್ಲ. ಈಶ್ವರಪ್ಪ ಆಸ್ಪತ್ರೆಯ ಮಂಚದಿಂದಲೇ ಮಗಳು ನನ್ನನ್ನು ಕೊಲ್ಲಲು ಬಂದಳು ಎಂದು ದೂರು ಕೊಟ್ಟ. ಮೊದಲ ಏಟು ಯಾರದು ಎನ್ನುವುದರ ಮೇಲೆ ಎಲ್ಲ ನಿಂತಿತ್ತು. ಅದನ್ನು ಓಣಿ ಹೇಳಿತು. ಮೊದಲು ತಾಯಿಯ ಚೀರಾಟ ಕೇಳಿದೆವು, ಬಹಳ ಹೊತ್ತು ಕೇಳಿದೆವು, ಅದಾದ ಮೇಲೆ ಈಶ್ವರಪ್ಪ ಕೂಗಿದ ಎಂದು ಮನೆ ಮನೆಯವರೂ ಹೇಳಿಕೆ ಕೊಟ್ಟರು. ಮಗ್ಗ ನಿಂತಿರದಿದ್ದರೆ ಹೇಳಲು ಅವರ ಹತ್ತಿರ ಏನೂ ಇರುತ್ತಿರಲಿಲ್ಲ. ಚನ್ನಬಸಪ್ಪ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಠಾಣೆಗೆ ಬಂದು, ನಾನಾಗೇ ಅಡ್ಡ ಹೋದೆ, ಹುಡುಗಿ ನನಗೆ ಹೊಡೆಯಲಿಲ್ಲ ಎಂದು ಬರೆಸಿದ. ತಾಯಿಯ ಪ್ರಾಣ ಉಳಿಸಲು ಹೊಡೆದಳು ಎಂದು ತನಿಖೆ ಮುಗಿಯಿತು. ಈಶ್ವರಪ್ಪ ಜೈಲು ಕಂಡ. ಜಾಮೀನಿನ ಮೇಲೆ ಬಂದು ಮುಧೋಳದ ತಮ್ಮನ ಮನೆಯಲ್ಲಿದ್ದಾನೆ, ಓಣಿಗೆ ಕಾಲಿಡಬಾರದೆಂದು ಆದೇಶವಿದೆ. ಪೂರ್ಣಿಮಾ ಪರೀಕ್ಷೆ ಬರೆದಳು, ಪಾಸಾದಳು, ಈಗ ನರ್ಸಿಂಗ್ ಓದುತ್ತಿದ್ದಾಳೆ.

ಒಂದು ಕುಟುಂಬಕ್ಕೆ ನೆರವಾಗುವುದೆಂದರೆ ಎಲ್ಲರೂ ಓಡಿಹೋಗುವುದಲ್ಲ. ಯಾರು ಹೋಗಬೇಕು, ಯಾರು ಹೋಗಬಾರದು ಎಂದು ಮೊದಲು ಒಂದೆಡೆ ಕೂತು ಮಾತಾಡಿಕೊಳ್ಳುವುದು. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದು. ಕಲಿಸಲು ಅದು ಕಸ್ತೂರಿಯ ಮೈಯನ್ನೇ ಬಳಸಿಕೊಂಡಿತು ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ನಿವೃತ್ತಳಾಗುವ ಮೊದಲು ಒಮ್ಮೆ ಆ ಓಣಿಗೆ ಹೋಗಿದ್ದೆ. ಪೂರ್ಣಿಮಾ ರಜೆಗೆ ಬಂದಿದ್ದಳು. ಎಲ್ಲ ಮರೆತೆಯಾ ಎಂದು ಕೇಳಿದೆ, ಕೇಳಬಾರದಿತ್ತು.

"ಇಲ್ರಿ. ಇನ್ನೂ ಒಂದ್ ಹೊಡೀಬೇಕಿತ್ತು ಅಂತ ದಿನಾ ಅನಸ್ತೈತ್ರಿ."

"ಆಗ ಏನು ಮಾಡ್ತೀಯವ್ವ?"

ಅವಳು ಪಕ್ಕದ ಮನೆಯ ಕಡೆ ನೋಡಿದಳು. "ಊರಿಗೆ ಬಂದಾಗ ಮುಂಜಾನೆದ್ದು ಕಾಕಾಗ ಅಂಗಿ ತೊಡಸಾಕ ಹೋಗ್ತೀನ್ರಿ. ಅವನ ಬಲಗೈ ಇನ್ನೂ ಪೂರಾ ಮ್ಯಾಲ ಏಳೂದಿಲ್ಲ."